ಗೃಹಚಿತ್ರಯಂತ್ರದಲ್ಲಿ ಮೌನ: ಸಂಶೋಧನಾ ಪ್ರಬಂಧದ ಮೊದಲ ಮತ್ತು ಕೊನೆಯ ಸಂಪುಟ

ಅಧ್ಯಾಯ 1: ಸಮಸ್ಯೆಯ ಸ್ವರೂಪ

ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಸಾರಬಹುದು. ಅಲ್ಲಿ ರಾತ್ರಿ ಹತ್ತರ ಮೇಲೆ ಸದ್ದು 40 ಡೆಸಿಬೆಲ್ ದಾಟಬಾರದು. ಜನವಸತಿಗೆ ಇನ್ನೈದು ಡೆಸಿಬೆಲ್ ರಿಯಾಯಿತಿ. ರೋಗಿಗಳಿಗೂ ನ್ಯಾಯಾಧೀಶರಿಗೂ ಸಾಕೆನಿಸಿದ ಈ ಮೌನ, ಹಾಲಿನ ಟಿವಿಗೆ ಕಂಪ್ಯೂಟರ್ ಜೋಡಿಸಿಕೊಂಡು ಸಿನಿಮಾ ನೋಡುವ ಗೃಹಸ್ಥನೊಬ್ಬನಿಗೆ (ಇನ್ನು ಮುಂದೆ ‘ಜಿಜ್ಞಾಸು’) ಏನೇನೂ ಸಾಲದು. ನಾಯಕ ನಾಯಕಿಯರು ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುವ ನಾಲ್ಕಾರು ಸೆಕೆಂಡುಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ‘ಗುಂಯ್’ ಅನ್ನುವುದನ್ನು ಅವನು ಸಹಿಸಲಾರ. ತಲೆಯ ಮೇಲೆ ಸೀಲಿಂಗ್ ಫ್ಯಾನು ಐದನೇ ನಂಬರಿನಲ್ಲಿ ತಿರುಗುತ್ತಿದೆ. ಅಡುಗೆಮನೆಯಲ್ಲಿ ಕುಕ್ಕರ್ ಎರಡನೇ ಸಲ ಕೂಗಲು ಉಸಿರು ಕಟ್ಟುತ್ತಿದೆ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ. ಇವು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಮೊದಲು ಪರಿಭಾಷೆ. ಜಿಜ್ಞಾಸುವಿಗೆ ಬೇಕಿರುವುದು ಸೊನ್ನೆ ಡೆಸಿಬೆಲ್. ಕಾರ್ಡಿನ ಡಬ್ಬಿಯ ಮೇಲೂ ಹಾಗೇ ಅಚ್ಚಾಗಿರುತ್ತದೆ. ಆದರೆ ಶಾಸ್ತ್ರದಲ್ಲಿ ಸೊನ್ನೆ ಡೆಸಿಬೆಲ್ ಎಂದರೆ ಶಬ್ದದ ಅಭಾವವಲ್ಲ. ನೆಟ್ಟಗಿರುವ ಕಿವಿಗೆ ಕೇಳಿಸೀತು ಎನ್ನಬಹುದಾದ ಅತಿ ಸಣ್ಣ ಒತ್ತಡ, 20 ಮೈಕ್ರೊಪಾಸ್ಕಲ್. ಅದಕ್ಕೂ ಕೆಳಗೆ ಮೈನಸ್ ಡೆಸಿಬೆಲ್‌ಗಳಿವೆ. (ಈ ಸಂಗತಿಯನ್ನು ಯಾರೂ ಜಿಜ್ಞಾಸುವಿನ ಕಿವಿಗೆ ಹಾಕಬಾರದಾಗಿ ವಿನಂತಿ.) ಇನ್ನು ಲೆಕ್ಕ: 30 ಡೆಸಿಬೆಲ್‌ನ ಒಂದು ಫ್ಯಾನಿನ ಪಕ್ಕ ಅಂಥದೇ ಇನ್ನೊಂದನ್ನಿಟ್ಟರೆ 60 ಆಗುವುದಿಲ್ಲ, 33 ಆಗುತ್ತದೆ. ಒಂದನ್ನು ಕಿತ್ತು ಬಿಸಾಕಿದರೆ ಇಳಿಯುವುದೂ ಮೂರೇ. ಕೊಂಡ ಮೌನ ಲಾಗರಿದಮ್ ಪ್ರಕಾರ ಮನೆಗೆ ಬರುತ್ತದೆ. ಬಿಲ್ಲು ಮಾತ್ರ ಸಾದಾ ಕೂಡುಲೆಕ್ಕದ ಪ್ರಕಾರ.

ಅಧ್ಯಾಯ 2: ಇತಿಹಾಸ

ಆದಿಯಲ್ಲಿ ಕಾರ್ಡುಗಳಿಗೆ ಫ್ಯಾನಿರಲಿಲ್ಲ, ಹೀಟ್‌ಸಿಂಕೂ ಇರಲಿಲ್ಲ. ಇದನ್ನು ಕೃತಯುಗವೆಂದು ಕರೆಯಲು ಅಡ್ಡಿಯಿಲ್ಲ. ಕಲಿಪ್ರವೇಶ 2003ರಲ್ಲಿ, ಎನ್ವಿಡಿಯಾದ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ರೂಪದಲ್ಲಿ ಆಯಿತು. ಅದರ ಫ್ಯಾನಿನ ಅರಚಾಟ ಎಷ್ಟು ಜಗಜ್ಜಾಹೀರಾಯಿತೆಂದರೆ, ಕಂಪನಿಯವರೇ ತಮ್ಮ ಕಾರ್ಡನ್ನು ಗೇಲಿ ಮಾಡುವ ವಿಡಿಯೊ ತಯಾರಿಸಿದರು. ಅಣಕು ಪ್ರಬಂಧಕ್ಕಿಂತ ಮೊದಲು ಅಣಕು ವಿಡಿಯೊ ಬಂದುಬಿಟ್ಟಿತ್ತೆಂಬುದನ್ನು ಲೇಖಕ ವಿಷಾದದಿಂದ ದಾಖಲಿಸುತ್ತಾನೆ. ಧರ್ಮಸಂಸ್ಥಾಪನೆಗೆ 2010ರವರೆಗೆ ಕಾಯಬೇಕಾಯಿತು. ಆ ವರ್ಷ ಬಂದ ರೇಡಿಯನ್ ಎಚ್‌ಡಿ 5450 ಹತ್ತೊಂಬತ್ತು ವ್ಯಾಟಿನ ಆಸುಪಾಸಿನಲ್ಲಿ ಜೀವಿಸುತ್ತಿತ್ತು. ಫ್ಯಾನಿಲ್ಲದೆಯೂ ಬದುಕುತ್ತಿತ್ತು. ಡಾಲ್ಬಿ ಟ್ರೂಎಚ್‌ಡಿ ಧ್ವನಿಯನ್ನು ಒಂದು ಬಿಟ್ ಕೂಡ ಮುಟ್ಟದೆ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ಒಪ್ಪಿಸುತ್ತಿತ್ತು. ತಾನು ಮೌನವಾಗಿದ್ದು ಪರರ ಸದ್ದನ್ನು ಯಥಾವತ್ತಾಗಿ ಮುಟ್ಟಿಸುವುದು ಉತ್ತಮ ದೂತನ ಲಕ್ಷಣ.

ಅಧ್ಯಾಯ 3: ಬೆಲೆ

ಈ ವಿಷಯ ಇನ್ನೂ ಮನೆಯಲ್ಲಿ ಪ್ರಸ್ತಾಪವಾಗಿಲ್ಲ.

ಅಧ್ಯಾಯ 4: ಪಾಠಾಂತರಗಳು

ನಿಶ್ಶಬ್ದ ಪಂಥದ ಮೂಲಗ್ರಂಥ ಯಾವುದೆಂದರೆ 2017ರ ಮೇ ತಿಂಗಳಿನಲ್ಲಿ ಹೊರಬಂದ ಜೀಫೋರ್ಸ್ ಜಿಟಿ 1030. ಮೂವತ್ತು ವ್ಯಾಟ್, ಬೇರೆ ಕರೆಂಟು ವೈರಿನ ಹಂಗಿಲ್ಲ, 4ಕೆ ಚಿತ್ರವನ್ನು ಸೆಕೆಂಡಿಗೆ 60 ಸಲ ಟಿವಿಗೆ ಕಳಿಸುವ ಶಕ್ತಿ. ಇದನ್ನು ಫ್ಯಾನಿಲ್ಲದೆ ಬರಿ ಹೀಟ್‌ಸಿಂಕ್ ಹೊದಿಸಿ ಹಲವು ಕಂಪನಿಗಳು ಮಾರಿದವು.

ಗ್ರಂಥಸಂಪಾದಕರ ಕಷ್ಟ ಶುರುವಾಗುವುದು 2018ರಲ್ಲಿ. ಅದೇ ಹೆಸರು, ಅದೇ ಡಬ್ಬಿ, ಅದೇ ಹಸಿರು ಬಣ್ಣ ಹೊತ್ತು ಇನ್ನೊಂದು ಪ್ರತಿ ಪೇಟೆಗೆ ಬಂತು. ಮೂಲಪ್ರತಿಯಲ್ಲಿದ್ದ ಮೆಮೊರಿ ಜಿಡಿಡಿಆರ್5, ಸೆಕೆಂಡಿಗೆ 48 ಗಿಗಾಬೈಟ್ ಸಾಗಿಸುವಂಥದು. ಹೊಸ ಪ್ರತಿಯಲ್ಲಿ ಆ ಜಾಗದಲ್ಲಿ ಡಿಡಿಆರ್4, 16.8 ಗಿಗಾಬೈಟ್. ಅಂದರೆ ಪಠ್ಯದ ಸುಮಾರು ಮೂರರಲ್ಲಿ ಎರಡು ಪಾಲು ಲುಪ್ತ. ಲಿಪಿಕಾರನ ಕೈತಪ್ಪಿನಿಂದ ಹೀಗಾಯಿತೆನ್ನಲು ಬಾರದು. ಇದು ಉದ್ದೇಶಪೂರ್ವಕ ಪ್ರಕ್ಷೇಪವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿದೆ. ಮುಖಪುಟ ನೋಡಿ ಇವೆರಡನ್ನು ಬೇರ್ಪಡಿಸುವುದು ಸುಲಭವಲ್ಲ. ಡಬ್ಬಿಯನ್ನು ಬುಡಮೇಲು ಮಾಡಿ, ಬಾರ್‌ಕೋಡಿನ ಪಕ್ಕ ಇರುವೆ ಸಾಲಿನಷ್ಟು ಸಣ್ಣಗೆ ಅಚ್ಚಾದ ಮಾದರಿ ಸಂಖ್ಯೆಯನ್ನು ಶಾಸನದಂತೆ ಓದಬೇಕು. ನಡುವೆ ‘ಡಿ4’ ಎಂಬ ಅಕ್ಷರಗಳು ಕಂಡರೆ ಅದು ಖಿಲಪಾಠ. ಆಸೂಸ್‌ನವರ ಒಂದು ಶಾಸನದಲ್ಲಿ ‘ಎಸ್‌ಎಲ್’ ಎಂದೂ ‘ಬಿಆರ್‌ಕೆ’ ಎಂದೂ ಇದೆ. ಮೊದಲನೆಯದು ಸೈಲೆಂಟ್ ಎಂಬುದರ ಸಂಕ್ಷೇಪ. ಎರಡನೆಯದನ್ನು ಯಾವುದೋ ಬೀಜಾಕ್ಷರವೆಂದು ಭಾವಿಸಿ ಕಂಗೆಡಬಾರದು, ಡಬ್ಬಿಯೊಳಗೆ ಎರಡು ತಗಡಿನ ಬ್ರಾಕೆಟ್ ಇವೆ ಎಂದಷ್ಟೇ ಅದರ ತಾತ್ಪರ್ಯ.

ಜಿಟಿ 710 ಎಂಬ ಇನ್ನೂ ಹಳೆಯ ಕೃತಿಯನ್ನು ಅಗ್ಗವೆಂದು ಕೆಲವರು ಪಾರಾಯಣ ಮಾಡುತ್ತಾರೆ. ಅದು 4ಕೆ ತೋರಿಸುತ್ತದೆ, ಸೆಕೆಂಡಿಗೆ 30 ಸಲ ಮಾತ್ರ. ಎಚ್‌ಇವಿಸಿ ಎಂಬ ಬಗೆಯಲ್ಲಿ ಅಡಕಗೊಳಿಸಿದ ವಿಡಿಯೊ ಕೊಟ್ಟರೆ ತನಗೆ ಬಾರದೆಂದು ಪ್ರೊಸೆಸರ್ ಕಡೆ ಕೈತೋರಿಸುತ್ತದೆ. ಪ್ರೊಸೆಸರ್ ಬೆವರುತ್ತದೆ, ಅದರ ಫ್ಯಾನು ಕಿರುಚುತ್ತದೆ. ಮೌನಿಯೊಬ್ಬ ಕೆಲಸಗಳ್ಳನೂ ಆಗಿದ್ದರೆ ಮನೆ ಹೇಗಿರುತ್ತದೆಂದು ಅನುಭವಸ್ಥರು ಬಲ್ಲರು.

ಕ್ಷೇತ್ರಕಾರ್ಯವನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೈಗೊಳ್ಳಲಾಯಿತು. ಒಂದು ಗೇಣು ಅಗಲದ ಅಂಗಡಿಯೊಳಗೆ, ಕೇಬಲ್ಲುಗಳ ತೋರಣದ ಕೆಳಗೆ ಕುಳಿತಿದ್ದ ಮಾಹಿತಿದಾರರ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ: “ಫ್ಯಾನ್ ಇಲ್ದೆ ಇರೋದಾ ಸಾರ್? ಇಡಲ್ಲ ಸಾರ್ ಅದು. ತಗೊಂಡೋದೋರು ‘ಫ್ಯಾನ್ ಕಿತ್ಕೊಂಡು ಕೊಟ್ಟಿದೀರಾ’ ಅಂತ ವಾಪಸ್ ಬಂದು ಜಗಳ ಆಡ್ತಾರೆ.”

ಅಧ್ಯಾಯ 5: ದ್ವೈತವೋ ಅದ್ವೈತವೋ

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಕಾರ್ಡೆಂಬುದು ಪ್ರೊಸೆಸರಿನಿಂದ ಬೇರೆಯಾದ ವಸ್ತುವೇ ಅಲ್ಲ, ಭೇದವೆಲ್ಲ ತೋರಿಕೆ. ಇಂಟೆಲ್‌ನ 7ನೇ ತಲೆಮಾರಿನಿಂದಲೇ ಎಚ್‌ಇವಿಸಿ 10 ಬಿಟ್ ವಿಡಿಯೊವನ್ನು ಪ್ರೊಸೆಸರೊಳಗಿನ ಚಿತ್ರಭಾಗ ತಾನೇ ಬಿಡಿಸುತ್ತದೆ, 11ನೇ ತಲೆಮಾರಿನಿಂದ ಎವಿ1 ಬಗೆಯ ವಿಡಿಯೊ ಕೂಡ. ಜಿಟಿ 1030ಗೆ ಎವಿ1 ಗಂಧವೇ ಇಲ್ಲ. ಆದ್ದರಿಂದ ಕೊಳ್ಳದ ಕಾರ್ಡೇ ಅತ್ಯಂತ ನಿಶ್ಶಬ್ದ ಕಾರ್ಡು ಎಂದು ಅವನ ವಾದ. ಪ್ರಾಮಾಣಿಕವಾಗಿ ಹೇಳುವುದಾದರೆ ಈ ವಾದಕ್ಕೆ ಉತ್ತರವಿಲ್ಲ. ಪ್ರಬಂಧ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮುಗಿದರೆ ಕಾರ್ಡು ಕೊಳ್ಳುವಂತಿಲ್ಲವಾದ್ದರಿಂದ ದ್ವೈತಿಗಳು ಎರಡು ಆಕ್ಷೇಪ ಎತ್ತುತ್ತಾರೆ.

ಒಂದು, ಹೆಸರಿನ ಬಾಲದಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಚಿತ್ರಭಾಗವೇ ಕೆಲಸ ಮಾಡದು. ಅಗ್ಗವಾಯಿತೆಂದು ಅದನ್ನು ತಂದವನು ಹುಟ್ಟಾ ದ್ವೈತಿ.

ಎರಡು, ಕಾಲಗಣನೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟೆಂದು ಲೋಕ ನಂಬಿದೆ. ಬ್ಲೂ-ರೇ ಡಿಸ್ಕಿನಲ್ಲಿ ಅದು ಸಾಮಾನ್ಯವಾಗಿ 23.976. ಒಂದು ಕಾಲದ ಇಂಟೆಲ್ ಚಿತ್ರಭಾಗಗಳು ಈ ಪುಡಿಗಾಸಿನ ವ್ಯತ್ಯಾಸವನ್ನು ಕಡೆಗಣಿಸಿ ಟಿವಿಗೆ ನೇರ 24 ಕಳಿಸುತ್ತಿದ್ದವು. ಬಾಕಿ ಬೆಳೆದು ಬೆಳೆದು ಸುಮಾರು 42 ಸೆಕೆಂಡಿಗೊಮ್ಮೆ ಒಂದು ಅಧಿಕ ಚೌಕಟ್ಟು ಬೀಳುತ್ತಿತ್ತು, ಚಾಂದ್ರಮಾನ ಸೌರಮಾನಗಳ ಲೆಕ್ಕ ಸರಿದೂಗಿಸಲು ಪಂಚಾಂಗದಲ್ಲಿ ಅಧಿಕಮಾಸ ಬಿದ್ದ ಹಾಗೆ. ಅಧಿಕಮಾಸದಲ್ಲಿ ಅಳಿಯನಿಗೆ ಬಾಗಿನವಾದರೂ ಸಿಗುತ್ತದೆ. ಅಧಿಕ ಚೌಕಟ್ಟಿನಲ್ಲಿ ತೆರೆಯ ಮೇಲೆ ಓಡುವ ಕಾರು ಕ್ಷಣಮಾತ್ರ ಮುಗ್ಗರಿಸಿದಂತಾಗುವುದಷ್ಟೇ ಲಾಭ. ಮನೆಯವರಾರಿಗೂ ಅದು ಕಾಣುವುದಿಲ್ಲ. ಜಿಜ್ಞಾಸು ಮಾತ್ರ ಕಥೆ ಬಿಟ್ಟು ಗಡಿಯಾರ ನೋಡುತ್ತ ಮುಂದಿನ ಮುಗ್ಗರಿಕೆಗೆ ಕಾಯುತ್ತಿರುತ್ತಾನೆ. ಈ ದೋಷ ಮುಂದೆ ಪರಿಹಾರವಾಯಿತೆಂಬುದನ್ನು ದ್ವೈತಿಗಳು ಅಡಿಟಿಪ್ಪಣಿಯಲ್ಲೂ ಹೇಳುವುದಿಲ್ಲ.

ಅಧ್ಯಾಯ 6: ಸಿದ್ಧಾಂತ

ಈಗ ಪ್ರಸ್ತುತ ಲೇಖಕನ ಸ್ವಂತ ಕೊಡುಗೆ. ಶಬ್ದಕ್ಕೆ ನಾಶವಿಲ್ಲ, ವರ್ಗಾವಣೆ ಮಾತ್ರ ಉಂಟು.

ಸಾಧನೆ ಹೀಗೆ. ಫ್ಯಾನು ತೆಗೆದರೂ ಮೂವತ್ತು ವ್ಯಾಟ್ ಶಾಖ ಎಲ್ಲಿಗೂ ಹೋಗುವುದಿಲ್ಲ. ಹೀಟ್‌ಸಿಂಕಿನ ರೆಕ್ಕೆಗಳ ನಡುವಿನ ಗಾಳಿ ತಾನಾಗಿ ಬಿಸಿಯಾಗಿ ಮೇಲೇಳಬೇಕು. ಮೇಲೇಳಲು ರೆಕ್ಕೆಗಳು ನೆಟ್ಟಗೆ ನಿಂತಿರಬೇಕು. ಇಲ್ಲೊಂದು ವಿಧಿಯ ಆಟವಿದೆ: ನಿಲ್ಲಿಸಿದ ಕ್ಯಾಬಿನೆಟ್ಟಿನಲ್ಲಿ ಕಾರ್ಡು ಮಲಗುತ್ತದೆ, ಮಲಗಿಸಿದ ಕ್ಯಾಬಿನೆಟ್ಟಿನಲ್ಲಿ ಕಾರ್ಡು ನಿಲ್ಲುತ್ತದೆ. ನಿಲ್ಲಿಸಿದ ಕ್ಯಾಬಿನೆಟ್ಟಿನಲ್ಲಂತೂ ಹೀಟ್‌ಸಿಂಕು ಕೆಳಮುಖವಾಗಿ ತೂಗಿ, ತನ್ನ ಬಿಸಿಯನ್ನು ತಾನೇ ಕಾದುಕೊಂಡಿರುತ್ತದೆ. ಹೇಗೋ ಫ್ಯಾನಿಲ್ಲದ ಕಾರ್ಡು ತಂದು ಕೂರಿಸಿದ ಜಿಜ್ಞಾಸು ಕ್ಯಾಬಿನೆಟ್ಟನ್ನು ಮಲಗಿಸಿದ. ಮಲಗಿಸಿದ್ದು ಟಿವಿ ಕೆಳಗಿನ ಶೋಕೇಸಿನಲ್ಲಿ, ಚನ್ನಪಟ್ಟಣದ ರಾಜ ರಾಣಿ ಬೊಂಬೆಗಳ ಪಕ್ಕ, ಗಾಜಿನ ಬಾಗಿಲ ಹಿಂದೆ. ಮೇಲೆ ಅಮ್ಮ ಹೆಣೆದ ಕ್ರೋಶಾ ಹೊದಿಕೆ ಬಿತ್ತು, ಗಾಳಿ ಹೊರಹೋಗುವ ಕಿಂಡಿಯ ಮೇಲೆ ಸರಿಯಾಗಿ. ಒಳಗೆ ಬಿಸಿ ಕಟ್ಟಿತು. ಬಿಸಿ ಕಟ್ಟಿದ್ದಕ್ಕೆ ಕರೆಂಟು ಹಂಚುವ ಎಸ್‌ಎಂಪಿಎಸ್ ಫ್ಯಾನು ವೇಗ ಹಿಡಿಯಿತು. ಸದ್ದಾಯಿತೆಂದು ಗಾಜಿನ ಬಾಗಿಲು ತೆರೆದಿಟ್ಟ, ಹಲ್ಲಿ ಒಳಹೊಕ್ಕಿತು. ಹಲ್ಲಿಯನ್ನು ಕಂಡು ಹೆಂಡತಿ ಮಾಡಿದ ಸದ್ದನ್ನು ಅಳೆಯಲು ಮೀಟರ್ ಲಭ್ಯವಿರಲಿಲ್ಲ. ಬೆಂಗಳೂರಿನ ತಂಪನ್ನು ನಂಬಿಕೊಂಡವರು 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾದದ್ದನ್ನು ನೆನೆಯಬೇಕು. ಅಂಥ ದಿನ ಕಾರ್ಡಿನ ಬಿಸಿ ಕ್ಯಾಬಿನೆಟ್ಟಿಗೆ, ಕ್ಯಾಬಿನೆಟ್ಟಿನ ಬಿಸಿ ಹಾಲಿಗೆ ಸೇರಿ, ಕೊನೆಗೆ ಸೀಲಿಂಗ್ ಫ್ಯಾನನ್ನು ಐದಕ್ಕೆ ತಿರುಗಿಸುವ ಹೊಣೆ ಜಿಜ್ಞಾಸುವಿನ ತಲೆಗೇ ಬಂತು. ಅಂಗೈಯಗಲದ ಫ್ಯಾನಿನ ಕೆಲಸ ನಾಲ್ಕಡಿ ಫ್ಯಾನಿಗೆ ವರ್ಗವಾಯಿತು.

ಪಾಲಿಟ್ ಕಂಪನಿಯ ‘ಕಾಮ್ ಎಕ್ಸ್’ ಎಂಬ ಕೆಲವು ಕಾರ್ಡುಗಳು 75 ವ್ಯಾಟನ್ನೂ, ಅಂದರೆ ಮದರ್‌ಬೋರ್ಡಿನ ಸ್ಲಾಟು ಕೊಡಬಲ್ಲ ಅಷ್ಟೂ ಕರೆಂಟನ್ನು, ಫ್ಯಾನಿಲ್ಲದೆ ಅರಗಿಸಿಕೊಳ್ಳುತ್ತವೆ. ಅವುಗಳಲ್ಲಿರುವ ಹೀಟ್‌ಪೈಪನ್ನು ಜಾರ್ಜ್ ಗ್ರೋವರ್ 1963ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ರೂಪಿಸಿದ; ಬಾಹ್ಯಾಕಾಶ ನೌಕೆಗಳಿಗೆ ಒದಗಿದ ವಿದ್ಯೆ ಅದು. ಅಲ್ಲಿ ಕ್ರೋಶಾ ಹೊದಿಕೆ ಇಲ್ಲ.

ಸಿದ್ಧಾಂತಕ್ಕೆ ಉಪಸಿದ್ಧಾಂತ: ದೊಡ್ಡ ಸದ್ದು ಸತ್ತಲ್ಲಿ ಸಣ್ಣ ಸದ್ದು ಹುಟ್ಟುತ್ತದೆ. ಫ್ಯಾನು ಹೋದ ಮೇಲೆ ಹಾರ್ಡ್ ಡಿಸ್ಕಿನ ಕಟಕಟ ಕೇಳತೊಡಗಿತು. ಅದನ್ನು ಬದಲಿಸಿ ಎಸ್‌ಎಸ್‌ಡಿ ಹಾಕಿದ ಮೇಲೆ ಕಾರ್ಡಿನ ಮೇಲಿನ ಕಾಯಿಲ್ಲುಗಳ ಸೊಳ್ಳೆಯಂಥ ಕೀರಲು. ಕಿವಿಗೆ ವಯಸ್ಸಾದಂತೆ ಎತ್ತರದ ಸ್ವರಗಳು ಮೊದಲು ಕೈಬಿಡುತ್ತವೆಯಾದ್ದರಿಂದ ಇದು ಮಗಳಿಗೆ ಚೆನ್ನಾಗಿ ಕೇಳುತ್ತದೆ, ಜಿಜ್ಞಾಸುವಿಗೆ ಅರ್ಧಂಬರ್ಧ, ಅವನ ತಾಯಿಗೆ ಇಲ್ಲವೇ ಇಲ್ಲ. 1951ರಲ್ಲಿ ಹಾರ್ವರ್ಡ್‌ನ ಪ್ರತಿಧ್ವನಿರಹಿತ ಕೋಣೆ ಹೊಕ್ಕ ಸಂಗೀತಗಾರ ಜಾನ್ ಕೇಜ್‌ಗೆ ಅಲ್ಲಿಯೂ ಎರಡು ಸದ್ದು ಕೇಳಿಸಿದುವಂತೆ; ಎರಡೂ ಅವನ ಮೈಯೊಳಗಿನವು. ಅವಕ್ಕೆ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಸಿಗುವುದಿಲ್ಲ.

ಅಧ್ಯಾಯ 7: ಪ್ರಮಾಣವಿಚಾರ

ಇಷ್ಟಾಗಿ ಯಂತ್ರ ಮೌನವಾಯಿತೆಂದೇ ಇಟ್ಟುಕೊಳ್ಳೋಣ. ಆಗ ಹುಟ್ಟುವ ಪ್ರಶ್ನೆ: ಅದು ಆನ್ ಆಗಿದೆಯೆಂದು ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪುತ್ತಾರೆ: ಇದ್ದಿದ್ದರೆ ತಿಳಿಯಬೇಕಿತ್ತು, ತಿಳಿಯುತ್ತಿಲ್ಲ, ಆದ್ದರಿಂದ ಇಲ್ಲ. ನೈಯಾಯಿಕರು ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪರು. ಜಿಜ್ಞಾಸುವಿನ ತಾಯಿ ಈ ವಿಷಯದಲ್ಲಿ ಕಟ್ಟಾ ಭಾಟ್ಟರು. ತಂಗಿಯ ಮದುವೆಯ ವಿಡಿಯೊ ಕಾಪಿಯಾಗುತ್ತಿದ್ದ ರಾತ್ರಿ, ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಒಂದು ಸುತ್ತು ನೋಡಿಬರುವ ಅವರ ರೂಢಿಯಂತೆ, ಯಂತ್ರದ ಗೋಡೆ ಸ್ವಿಚ್ಚನ್ನೂ ಆರಿಸಿದರು. “ಒಂಚೂರೂ ಸದ್ದಿರ್ಲಿಲ್ವಲ್ಲೋ, ಆಫ್ ಆಗಿದೆ ಅಂದ್ಕೊಂಡೆ. ಸುಮ್ನೆ ಕರೆಂಟ್ ಯಾಕೆ ದಂಡ?”

ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಲಾಯಿತು. ಕನ್ನಡಕವಿಲ್ಲದ ಹೊತ್ತಿನಲ್ಲಿ ಅದು ಪ್ರಮಾಣವಾಗಲಿಲ್ಲ. ಕ್ಯಾಬಿನೆಟ್ಟಿನ ನೀಲಿ ದೀಪವಿದೆಯಲ್ಲ ಎಂದರೆ ಅದು ಕ್ರೋಶಾದ ಹಿಂದೆ. ಕೊನೆಗೆ ಜಿಜ್ಞಾಸು ಎಸ್.ಪಿ. ರೋಡಿನ ಅದೇ ಅಂಗಡಿಗೆ ಹೋಗಿ 120 ಮಿಲಿಮೀಟರಿನ ಒಂದು ಫ್ಯಾನು ತಂದು ಕ್ಯಾಬಿನೆಟ್ಟಿಗೆ ಕೂರಿಸಿದ. ಅಂಗಡಿಯವರು ತೋರಿಸಿದ್ದರಲ್ಲಿ ಕಡಿಮೆ ಸದ್ದಿನದನ್ನು ಬದಿಗಿಟ್ಟು, ಎರಡನೆಯದನ್ನು ಆರಿಸಿದ.

ಸಂಜೆ ಯಂತ್ರ ಹಚ್ಚಿದಾಗ ತಾಯಿ ಹೂಕೋಸು ಹೆಚ್ಚುತ್ತಿದ್ದವರು ತಲೆಯೆತ್ತಿ ಕೇಳಿಸಿಕೊಂಡರು. “ಈಗ ಬರ್ತಿದೆ ನೋಡು ಸದ್ದು. ಎಷ್ಟು ತಗೊಂಡ ರಿಪೇರಿಗೆ?”