ಸರಳ ಯೋಜನೆ ಬರೆದ ಮಹನೀಯರಿಗೆ, ಪೀಣ್ಯದ ಚರ್ಮದ ಡಾಕ್ಟರಿಂದ



ಮಾರ್ಚ್ ಮುಗಿಯುವುದರೊಳಗೆ ಸಿಎಂಪಿ-02 ಅರ್ಜಿ ಹಾಕಿದರೆ ಮಾತ್ರ ಮುಂದಿನ ವರ್ಷಕ್ಕೆ ಜಿಎಸ್‌ಟಿಯ ನಿಮ್ಮ ಸರಳ ಯೋಜನೆ, ಅಂದರೆ ಕಾಂಪೋಸಿಷನ್ ಸ್ಕೀಮು ಸಿಗುವುದಂತೆ. ಅದಕ್ಕೇ ಇವತ್ತು ಬೆಳಗಿನ ಕ್ಲಿನಿಕ್ಕಿಗೆ ಬೀಗ ಹಾಕಿ, ಸಹಾಯ ಕೇಂದ್ರವೊಂದರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಧ್ಯಾಹ್ನದವರೆಗೆ ಕೂತೆ. ಸರ್ವರ್ ಬಂದಾಗ ಓಟಿಪಿ ಬರಲಿಲ್ಲ, ಓಟಿಪಿ ಬಂದಾಗ ಕೌಂಟರಿನ ಹುಡುಗ ಊಟಕ್ಕೆ ಹೋಗಿದ್ದ. ಕೊನೆಗೆ ಕೈ ಒರೆಸಿಕೊಳ್ಳುತ್ತಾ ಬಂದವನು, "ತುಂಬಾ ಸಿಂಪಲ್ ಸಾರ್, ಟಿಕ್ ಮಾಡಿ ಸಬ್ಮಿಟ್ ಕೊಡಿ. ಆರು ಪರ್ಸೆಂಟ್ ಕಟ್ಕೊಂಡು ಆರಾಮಾಗಿರಿ" ಅಂದ.

"ಯಾವುದರ ಮೇಲಪ್ಪಾ ಆರು?"

"ಟೋಟಲ್ ಮೇಲೆ ಸಾರ್."

ಟಿಕ್ ಮಾಡದೆ ಎದ್ದು ಬಂದೆ. ಆ ಸಿಟ್ಟು ಆರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಸುಬು ಏನೆಂದು ಹೇಳಿಬಿಡುತ್ತೇನೆ. ಪೀಣ್ಯದ ಕಾರ್ಖಾನೆಗಳಲ್ಲಿ ದಿನವಿಡೀ ಲೇತಿನ ಕೂಲಂಟಿನಲ್ಲಿ ಕೈ ನೆನೆಸುವವರ ಬೆರಳ ಸಂದು ಬಿರಿದು ಕೆಂಪಾಗಿರುತ್ತದೆ, ಉಗುರಿನ ಸುತ್ತ ಕಪ್ಪು ಎಣ್ಣೆ ಕೂತಿರುತ್ತದೆ. ಪ್ಲೇಟಿಂಗ್ ಶಾಪಿನವರ ಮಣಿಕಟ್ಟಿನ ತುಂಬ ನಿಕ್ಕಲ್ ಕಜ್ಜಿ. ಇವರಿಗೆ ನಾನು ಕೊಡುವ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. 2017ರ ಜೂನ್ 28ರ ಅಧಿಸೂಚನೆಯಲ್ಲಿ ನೀವೇ ವಿನಾಯಿತಿ ಕೊಟ್ಟಿದ್ದೀರಿ, ಸಂತೋಷ. ಅದೇ ಅಧಿಸೂಚನೆಯಲ್ಲಿ ಕೂದಲು ಕಸಿಯನ್ನು ಹುಡುಕಿ ಹೊರಗಿಟ್ಟಿರಿ. ಹೆಣ್ಣು ನೋಡಲು ಹೊರಟ ಸೂಪರ್‌ವೈಸರನ ಬೋಳುತಲೆಗೆ 18%. ಅದಕ್ಕೂ ನನ್ನ ತಕರಾರಿಲ್ಲ.

ಲೆಕ್ಕಕ್ಕೆ ಬನ್ನಿ. ಕ್ಲಿನಿಕ್ಕಿನ ವರ್ಷದ ವಹಿವಾಟು 30 ಲಕ್ಷ ಎಂದಿಟ್ಟುಕೊಳ್ಳಿ. ಅದರಲ್ಲಿ 26 ಲಕ್ಷ ಕಜ್ಜಿ-ತುರಿಕೆಯದು, 4 ಲಕ್ಷ ಕೂದಲಿನದು. ಕೂದಲಿಗೆ ಕೈ ಹಾಕದಿದ್ದರೆ ನನಗೆ ನೋಂದಣಿಯೇ ಬೇಡ. ಹಾಕಿದೆನೋ, ತೆರಿಗೆಯಿಲ್ಲದ ಕಜ್ಜಿಯ ದುಡ್ಡನ್ನೂ ಕೂಡಿಸಿ 20 ಲಕ್ಷದ ಗೆರೆ ದಾಟಿಸುತ್ತೀರಿ. ಸರಿ, ದಾಟಿದೆ. ಮಾಮೂಲಿ ದಾರಿಯಲ್ಲಿ ಹೋದರೆ 4 ಲಕ್ಷಕ್ಕೆ 72 ಸಾವಿರ ತೆರಿಗೆ, ಅದನ್ನು ಕೊಡುವವನು ಕೂದಲು ಹಾಕಿಸಿಕೊಂಡವನು. ಸರಳ ದಾರಿಯಲ್ಲಿ ಹೋದರೆ ಇಡೀ 30 ಲಕ್ಷಕ್ಕೆ 6%, ಅಂದರೆ 1 ಲಕ್ಷ 80 ಸಾವಿರ. ಅದನ್ನು ಯಾರಿಂದಲೂ ವಸೂಲಿ ಮಾಡುವಂತಿಲ್ಲ, ನನ್ನ ಜೇಬಿನಿಂದಲೇ ಹೋಗಬೇಕು. ನಾನು ಜನರ ತಲೆಗೆ ಕೂದಲು ನೆಟ್ಟರೆ ನೀವು ನನ್ನ ತಲೆ ಬೋಳಿಸುತ್ತೀರಿ!

ಮೇಲೆ ಉಪಚಾರ ಬೇರೆ. ಯಂತ್ರ ಕೊಂಡಾಗ ಕಟ್ಟಿದ ಜಿಎಸ್‌ಟಿಗೆ ಕ್ರೆಡಿಟ್ ಇಲ್ಲ. ಬಾಗಿಲಲ್ಲಿ 'ಕಾಂಪೋಸಿಷನ್ ಟ್ಯಾಕ್ಸಬಲ್ ಪರ್ಸನ್' ಎಂದು ಬೋರ್ಡು ಹಾಕಿಕೊಳ್ಳಬೇಕು. ಎಂಬಿಬಿಎಸ್, ಎಂಡಿ ಪಕ್ಕದಲ್ಲಿ ಅದನ್ನು ಕಂಡವರು "ಇದ್ಯಾವ ಹೊಸ ಡಿಗ್ರಿ ಡಾಕ್ಟ್ರೇ, ಫಾರಿನ್ನಿಂದಾ?" ಅಂದರೆ ಏನು ಹೇಳಲಿ?

ಕ್ಲಿನಿಕ್ಕಿನ ಕೆಳಗೊಂದು ಪ್ರಾವಿಷನ್ ಸ್ಟೋರಿದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋದಾಗ ಅಂಗಡಿಯ ಅಣ್ಣ ಹೆದರಿ 'ಕ್ಯಾಶ್ ಮಾತ್ರ' ಎಂದು ಚೀಟಿ ಅಂಟಿಸಿದ್ದ. ಗಲಾಟೆಯಾಗಿ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತಾಡಬೇಕಾಯಿತು. ಒಂದೂವರೆ ಕೋಟಿಯೊಳಗಿನ ಅಂತಹ ವ್ಯಾಪಾರಿ ಈ ಸ್ಕೀಮಿಗೆ ಸೇರಿ 1% ಕಟ್ಟಿದರೆ ಸಾಕು. ಅದೂ ತೆರಿಗೆಯಿರುವ ಸಾಮಾನಿನ ಮೇಲೆ ಮಾತ್ರ. ಅವನ ಹಾಲು, ತರಕಾರಿಯನ್ನು ನೀವು ಮುಟ್ಟುವುದಿಲ್ಲ. ಒಳ್ಳೆಯದೇ. ಆದರೆ 2019ರ ಏಪ್ರಿಲ್‌ನಲ್ಲಿ 50 ಲಕ್ಷದೊಳಗಿನ ನಮ್ಮಂಥ ಸೇವೆಯವರನ್ನು ಒಳಗೆ ಕರೆದುಕೊಂಡಾಗ ಆ 'ತೆರಿಗೆಯಿರುವ' ಎಂಬ ಮಾತು ಎಲ್ಲಿಗೆ ಹೋಯಿತು ಸ್ವಾಮಿ? ಅಂಗಡಿಯವನ ಹಾಲಿಗೆ ಇರುವ ಮರ್ಯಾದೆ ನನ್ನ ರೋಗಿಯ ಕಜ್ಜಿಗೆ ಯಾಕಿಲ್ಲ?

ತಮಾಷೆ ಸಾಕು. ಇನ್ನೂರು ರೂಪಾಯಿ ಫೀಸು ಕೊಡುವ ಟರ್ನರ್‌ಗೆ "ನಿನ್ನ ಚಿಕಿತ್ಸೆಗೆ ತೆರಿಗೆಯಿಲ್ಲ" ಎಂದು ಹೇಳಿದವರು ನೀವು. ಅದೇ ಇನ್ನೂರರಲ್ಲಿ ಹನ್ನೆರಡು ರೂಪಾಯಿಯನ್ನು ಹಿಂಬಾಗಿಲಿಂದ ಎತ್ತಿಕೊಳ್ಳುವವರೂ ನೀವೇ. ಅದನ್ನು ತುಂಬಿಕೊಳ್ಳಲು ನಾನು ಫೀಸು ಏರಿಸಿದರೆ ಬೈಸಿಕೊಳ್ಳುವವನು ನಾನು. ಇದಕ್ಕೆ ಸರಳ ಎಂದು ಹೆಸರಿಡಲು ನಿಮಗೆ ನಾಚಿಕೆಯಾಗುವುದಿಲ್ಲವೇ? ವಿನಾಯಿತಿ ಅಂದರೆ ವಿನಾಯಿತಿ. ಸೇವೆಯವರ ಸಾಲಿಗೂ ಆ ಒಂದು ಮಾತು ಸೇರಿಸಿ, ನಾನೇ ಓಡಿ ಬಂದು ಟಿಕ್ ಮಾಡುತ್ತೇನೆ. ಅಲ್ಲಿಯವರೆಗೆ ಜಿಎಸ್‌ಟಿಆರ್-1, 3ಬಿ ರಿಟರ್ನು ಎಂದು ಹಲ್ಲು ಕಚ್ಚಿಕೊಂಡು ಮಾಮೂಲಿ ದಾರಿಯಲ್ಲೇ ಹೋಗುತ್ತೇನೆ.

ಪತ್ರ ಓದಿ ತಲೆ ಕೆರೆದುಕೊಳ್ಳುವಂತಾದರೆ ಕ್ಲಿನಿಕ್ಕಿಗೆ ಬನ್ನಿ, ತುರಿಕೆಗೆ ತೆರಿಗೆಯಿಲ್ಲ. ಕೆರೆದು ಕೆರೆದು ಬೋಳಾದರೆ ಕೂದಲೂ ನೆಟ್ಟುಕೊಡುತ್ತೇನೆ, ಆದರೆ 18% ಬೇರೆ. ಬಿಲ್ಲು ಕೊಡುತ್ತೇನೆ.

ಇಂತಿ,
ಇನ್ನೂ ತಲೆ ಬೋಳಿಸಿಕೊಳ್ಳದ
ಪೀಣ್ಯ ಎರಡನೇ ಹಂತದ ಚರ್ಮದ ಡಾಕ್ಟರು