ಹಾರ ತೆಗೆದಿಟ್ಟ ಮರುದಿನ

ಬಾಮ್ಮ, ಈ ಕಡೆ ನೆರಳಿದೆ, ಕಾಂಪೌಂಡಿಗೆ ಒರಗಿಕೊಂಡೇ ಮಾತಾಡೋಣ. ಜುಲೈ ಒಂದರಿಂದ ನಮ್ಮೂರ ರೋಟರಿಗೆ ನೀನೇ ಅಧ್ಯಕ್ಷೆ ಅಂತ ಹಾಲಿನವನು ಹೇಳಿದ. ಕೇಳಿ ತುಂಬ ಸಂತೋಷವಾಯಿತು. ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತು ಈ ಊರಿನ ಕಾಯಿಲೆ ಕಸಾಲೆಯನ್ನೆಲ್ಲ ದಿನವೂ ನೋಡುವವಳು ನೀನು. ಯಾರ ಮನೆಯಲ್ಲಿ ಬಿ.ಪಿ. ಮಾತ್ರೆ ತಿಂಗಳ ಕೊನೆಗೆ ನಿಂತುಹೋಗುತ್ತದೆ, ಯಾವ ಅಜ್ಜಿ ಚೀಟಿಯನ್ನು ಕಣ್ಣಿಗೆ ಒತ್ತಿ ಹಿಡಿದು ಓದುತ್ತಾಳೆ ಎಂಬುದೆಲ್ಲ ನಿನಗೆ ಗೊತ್ತು. ಆ ಕುರ್ಚಿಗೆ ಬೇಕಾದ ಮೊದಲ ಅರ್ಹತೆ ಅದೇ ಕಣಮ್ಮ.

"ಅದೇನೋ ಸರಿ ಮೇಷ್ಟ್ರೇ, ಆದ್ರೆ ಇರೋದು ಒಂದೇ ವರ್ಷ. ಪದಗ್ರಹಣ, ಗವರ್ನರ್ ಭೇಟಿ, ದಸರಾ, ರಾಜ್ಯೋತ್ಸವ ಅನ್ನೋ ಹೊತ್ತಿಗೆ ಅರ್ಧ ವರ್ಷ ಮುಗಿದಿರತ್ತೆ. ಅಷ್ಟರಲ್ಲಿ ಏನು ತಾನೇ ಮಾಡಕ್ಕಾಗತ್ತೆ?"

ಒಳ್ಳೆ ಪ್ರಶ್ನೆ ಕೇಳಿದೆ. ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತೇನೆ ಅಂತ ಹೊರಟರೆ ಒಂದು ವರ್ಷ ಏನೇನೂ ಸಾಲದು. ಹಿಂದಿನವರು ಎತ್ತಿಕೊಂಡದ್ದನ್ನು ಮುಂದಕ್ಕೆ ನಡೆಸುತ್ತೇನೆ ಅಂದರೆ ಧಾರಾಳವಾಗಿ ಸಾಕು. ಆ ಕ್ಲಬ್ಬಿನಲ್ಲಿ ಕಾರ್ಯದರ್ಶಿಯಾಗಿ, ಖಜಾಂಚಿಯಾಗಿ ಇದ್ದವನು ನಾನು. ಎಷ್ಟೋ ಅಧ್ಯಕ್ಷರ ಪಕ್ಕದಲ್ಲಿ ಕೂತು ನೋಡಿದ್ದೇನೆ. ಹಾರ ಹಾಕಿಸಿಕೊಂಡ ದಿನ ಎಲ್ಲರೂ ಒಂದೇ ಥರ ಕಾಣುತ್ತಾರೆ. ಆ ಹಾರ ತೆಗೆದಿಟ್ಟ ಮರುದಿನ ಬೆಳಿಗ್ಗೆ ಯಾರು ಏನು ಮಾಡುತ್ತಾರೆ ಎನ್ನುವುದರ ಮೇಲೆ ಆ ವರ್ಷ ನಿಂತಿರುತ್ತದೆ.

ಈ ರೋಟರಿ ಹುಟ್ಟಿದ್ದು ಹೇಗೆ ಅಂತ ಒಮ್ಮೆ ನೋಡು. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲ ಮೂರು ಜನ ಸ್ನೇಹಿತರನ್ನು ಸೇರಿಸಿದ. ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಇನ್ನೊಬ್ಬ ಬಟ್ಟೆ ಹೊಲಿಸುವ ವ್ಯಾಪಾರಿ. ಸಭೆಯನ್ನು ಒಂದೊಂದು ಸಲ ಒಬ್ಬೊಬ್ಬರ ಕಚೇರಿಯಲ್ಲಿ ಮಾಡೋಣ ಅಂತ ಮಾತಾಡಿಕೊಂಡರು. ಕ್ಲಬ್ಬು ಹುಟ್ಟುಹಾಕಿದವನು ಹ್ಯಾರಿಸ್, ಆದರೆ ಮೊದಲ ಅಧ್ಯಕ್ಷ ಅವನಲ್ಲ. ಕಲ್ಲಿದ್ದಲ ವ್ಯಾಪಾರಿ ಸಿಲ್ವೆಸ್ಟರ್ ಷೀಲೆಯನ್ನು ಆ ಕುರ್ಚಿಯಲ್ಲಿ ಕೂರಿಸಿದರು. ತನ್ನದೇ ಕೂಸನ್ನು ಇನ್ನೊಬ್ಬರ ಮಡಿಲಿಗೆ ಹಾಕುವುದಕ್ಕೆ ದೊಡ್ಡ ಮನಸ್ಸು ಬೇಕು. ಹ್ಯಾರಿಸ್ ಅಧ್ಯಕ್ಷನಾದದ್ದು 1907ರಲ್ಲಿ. ಆ ವರ್ಷ ಕ್ಲಬ್ಬು ಕೈಹಾಕಿದ ಮೊದಲ ಊರ ಕೆಲಸ ಯಾವುದು ಗೊತ್ತಾ? ಸಾರ್ವಜನಿಕ ಶೌಚಾಲಯ. ಪೇಟೆಗೆ ಬಂದ ಜನಕ್ಕೆ ಏನು ಬೇಕೋ ಅದನ್ನು ನೋಡಿದರು, ನಗರಸಭೆಯ ಜೊತೆ ಕೂತು ಮಾತಾಡಿದರು, ಕಟ್ಟಿಸಿದರು.

ನಮ್ಮ ಸಂತೆ ಮೈದಾನಕ್ಕೆ ಮಂಗಳವಾರ ಬರುವ ಹೆಂಗಸರನ್ನು ನೀನೂ ನೋಡಿದ್ದೀಯ. ಬೆಳಿಗ್ಗೆ ಆರಕ್ಕೆ ಸೊಪ್ಪಿನ ಗಂಟು ಇಳಿಸಿ ಕೂತವರು ಸಂಜೆವರೆಗೂ ನೀರು ಕುಡಿಯದೆ ಇರುತ್ತಾರೆ, ಹೋಗುವುದಕ್ಕೆ ಜಾಗವಿಲ್ಲ ಅಂತ. ನೂರಾ ಇಪ್ಪತ್ತು ವರ್ಷದ ಹಿಂದೆ ಷಿಕಾಗೋದ ವ್ಯಾಪಾರಸ್ಥರ ಕಣ್ಣಿಗೆ ಬಿದ್ದದ್ದು ನಮ್ಮ ಕಣ್ಣಿಗೂ ಬೀಳಬೇಕಲ್ಲ.

"ಕೆಲಸ ಬೇಕಾದಷ್ಟಿದೆ ಮೇಷ್ಟ್ರೇ. ಮಾಡೋರು ಬೇಕಲ್ಲ. ಮೀಟಿಂಗಿಗೆ ಬಂದು ಊಟ ಮಾಡಿ ಹೋಗೋರೇ ಜಾಸ್ತಿ."

ಹಾಗೆ ಬೇಜಾರು ಮಾಡಿಕೊಳ್ಳಬೇಡ. ಅಲ್ಲಿ ಯಾರೂ ನಿನ್ನ ಕೈಕೆಳಗಿನ ನೌಕರರಲ್ಲ. ಸಂಬಳ ಕೊಡುವ ಕಡೆ ಆಜ್ಞೆ ನಡೆಯುತ್ತದೆ. ಇಲ್ಲಿ ಬಂದವರೇ ಚಂದಾ ಕೊಡುತ್ತಾರೆ, ಅವರ ಹತ್ತಿರ ಪ್ರೀತಿಯಿಂದ ಕೇಳಬೇಕು, ಅದೂ ಬಿಡಿಬಿಡಿಯಾಗಿ. "ಎಲ್ಲರೂ ಸಹಕರಿಸಿ" ಅಂತ ಸಭೆಯಲ್ಲಿ ಹೇಳಿದರೆ ಯಾರೂ ಏಳುವುದಿಲ್ಲ. ಅಕ್ಕಿ ಗಿರಣಿಯವರ ಮನೆಗೆ ಹೋಗಿ, "ಅಣ್ಣಾ, ಭಾನುವಾರ ನಿಮ್ಮ ಟೆಂಪೊ, ಡ್ರೈವರು ಎರಡೂ ಬೇಕು, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ" ಅಂತ ಕೇಳಿ ನೋಡು, ಇಲ್ಲ ಅನ್ನುವುದಿಲ್ಲ. ಮೈಕಿನ ಮುಂದೆ ನಿಲ್ಲಲು ಹೆದರುವ ನಿವೃತ್ತ ಗುಮಾಸ್ತರಿಗೆ ಲೆಕ್ಕದ ಪುಸ್ತಕ ಕೊಡು, ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಒಬ್ಬೊಬ್ಬರ ಕೈಯಲ್ಲಿ ಏನಿದೆ ಅಂತ ತಿಳಿದುಕೊಂಡು, ಆ ಕೈಗೆ ಹೊಂದುವ ಕೆಲಸವನ್ನು, ಹೊತ್ತು ಗೊತ್ತು ಹೇಳಿ ಒಪ್ಪಿಸುವುದೇ ಅಧ್ಯಕ್ಷರ ಕೆಲಸ. ಆದ ಮೇಲೆ ಅವರ ಹೆಸರು ಹಿಡಿದು, ಅವರ ಮಕ್ಕಳ ಎದುರಿಗೇ ಒಳ್ಳೆ ಮಾತು ಹೇಳು. ಆ ಮನುಷ್ಯ ಮುಂದಿನ ಸಲ ತಾನಾಗಿ ಬರುತ್ತಾನೆ.

ಕಣ್ಣಿನ ಶಿಬಿರವನ್ನೇ ತಗೋ. ಅದರಲ್ಲಿ ನಮ್ಮ ನಾಡಿಗೆ ದೊಡ್ಡ ಪರಂಪರೆಯೇ ಇದೆ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ, ಶಾಲೆ, ಛತ್ರ ಸಿಕ್ಕಿದ ಕಡೆ ಶಿಬಿರ ಹೂಡಿ, ಲಕ್ಷಾಂತರ ಜನರ ಪೊರೆ ತೆಗೆದರು. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಅಂತಲೇ ಕರೆದರು. ಲಯನ್ಸ್‌ನವರಿಗೂ ಕಣ್ಣಿನ ಸೇವೆಗೂ ಇರುವ ನಂಟು 1925ರದ್ದು. ಆ ವರ್ಷ ಹೆಲೆನ್ ಕೆಲ್ಲರ್ ಅಮೆರಿಕದ ಓಹಾಯೊದಲ್ಲಿ ಅವರ ಸಮ್ಮೇಳನಕ್ಕೆ ಹೋಗಿ, ಕುರುಡರ ಕೈ ಹಿಡಿಯಿರಿ ಅಂತ ಕೇಳಿಕೊಂಡರು. ಆ ಮಾತನ್ನು ಲಯನ್ಸ್‌ನವರು ಇವತ್ತಿಗೂ ಬಿಟ್ಟಿಲ್ಲ.

ಈಗ ಛತ್ರದಲ್ಲಿ ಆಪರೇಷನ್ ಮಾಡುವುದಿಲ್ಲ. ಊರಲ್ಲಿ ತಪಾಸಣೆ, ಆಪರೇಷನ್ ಆಸ್ಪತ್ರೆಯಲ್ಲಿ. ಅದು ಒಳ್ಳೆಯದೇ, ಸೋಂಕಿನ ಭಯ ಕಮ್ಮಿ. ಆದರೆ ಸ್ವಯಂಸೇವಕರ ಕೆಲಸ ಅದರಿಂದ ಹೆಚ್ಚಿತು. ಹಿಂದಿನ ವಾರವೇ ಹಳ್ಳಿಹಳ್ಳಿಗೆ ಹೋಗಿ ಆಶಾ ಕಾರ್ಯಕರ್ತೆಯರಿಗೆ, ಡೇರಿ ಕಾರ್ಯದರ್ಶಿಗೆ ಹೇಳಬೇಕು. ಬಂದವರಿಗೆ ಬಿ.ಪಿ., ಸಕ್ಕರೆ ನೋಡಿಸಬೇಕು, ಸಕ್ಕರೆ ಜಾಸ್ತಿ ಇದ್ದವರನ್ನು ಹಾಗೇ ಕಳಿಸದೆ ಹತೋಟಿಗೆ ತಂದು ಮುಂದಿನ ತಂಡದಲ್ಲಿ ಸೇರಿಸಬೇಕು. ಬಸ್ಸಿನಲ್ಲಿ ಒಬ್ಬರು ಜೊತೆಗೆ ಹೋಗಬೇಕು. ಆಪರೇಷನ್ ಆಗಿ ಪಟ್ಟಿ ಬಿಚ್ಚಿ ಊರಿಗೆ ಬಂದ ಮೇಲೆ ಎಷ್ಟೋ ವಾರ ಡ್ರಾಪ್ಸ್ ಹಾಕಬೇಕು, ಕಣ್ಣಿಗೆ ನೀರು ಬೀಳಬಾರದು, ಒಲೆಯ ಹೊಗೆ ತಾಗಬಾರದು, ಭಾರ ಎತ್ತಬಾರದು. ಒಂಟಿ ಅಜ್ಜಿಗೆ ಡ್ರಾಪ್ಸ್ ಹಾಕುವವರು ಯಾರು? ಮರುತಪಾಸಣೆಗೆ ಕರೆದುಕೊಂಡು ಹೋಗುವವರು ಯಾರು? ಬ್ಯಾನರಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡ ದಿನಕ್ಕಿಂತ, ಆ ವಾರಗಳೇ ಶಿಬಿರದ ನಿಜವಾದ ದಿನಗಳು. ಒಬ್ಬೊಬ್ಬ ಸದಸ್ಯರಿಗೆ ಎರಡೆರಡು ಮನೆ ಹಂಚಿಕೊಡು. ಕೂತು ಮಾತಾಡಿಸಿ ಬಂದರೂ ಸಾಕು, ಕಣ್ಣು ಕೆಂಪಾಗಿದ್ದರೆ ತಕ್ಷಣ ಗೊತ್ತಾಗುತ್ತದೆ.

"ರಕ್ತದಾನ ಶಿಬಿರ ದೊಡ್ಡದಾಗಿ ಮಾಡಬೇಕು ಅಂತ ನಮ್ಮ ಹುಡುಗರಿಗೆ ಆಸೆ. ಸಾವಿರ ಯೂನಿಟ್ ಅಂತಾರೆ."

ಆಸೆ ಒಳ್ಳೆಯದು, ಅದಕ್ಕೆ ದಾರಿ ತೋರಿಸು. ನೀನು ಔಷಧಿ ವಿಷಯ ಬಲ್ಲವಳು. ಕೆಂಪು ರಕ್ತಕಣವನ್ನು 35ರಿಂದ 42 ದಿನ ಇಡಬಹುದು, ಪ್ಲೇಟ್‌ಲೆಟ್ಟು ಐದೇ ದಿನ. ಒಂದೇ ದಿನ ಸಾವಿರ ಯೂನಿಟ್ ತೆಗೆದರೆ ರಕ್ತನಿಧಿಯವರು ಎಲ್ಲಿಡಬೇಕು? ಕೊಟ್ಟ ಗಂಡಸರು ಮತ್ತೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕೊಡುವ ಹಾಗಿಲ್ಲ. ಡೆಂಗಿ ಬಂದಾಗ, ಏಪ್ರಿಲ್ ಮೇನಲ್ಲಿ ಕಾಲೇಜಿಗೆ ರಜೆ ಸಿಕ್ಕಾಗ, ರಕ್ತಕ್ಕೆ ಜನ ಅಲೆಯುತ್ತಾರೆ. ಆದ್ದರಿಂದ ಸಾವಿರ ಜನರ ಪಟ್ಟಿ ಮಾಡಿಸು. ಹೆಸರು, ಗುಂಪು, ಫೋನು, ಕೊನೆಗೆ ಕೊಟ್ಟ ತಾರೀಕು. ತಿಂಗಳಿಗೆ ಇಷ್ಟು ಜನ ಅಂತ ಸರದಿ ಹಾಕಿ, ರಕ್ತನಿಧಿಯವರನ್ನು ಕೇಳಿಯೇ ದಿನ ಗೊತ್ತುಮಾಡು. ರಾತ್ರಿ ಹೆರಿಗೆ ಕಷ್ಟವಾಗಿ ಯಾರಾದರೂ ನಿನ್ನ ಅಂಗಡಿ ಬಾಗಿಲು ತಟ್ಟಿದಾಗ ಆ ಪಟ್ಟಿ ಕೈಯಲ್ಲಿರಬೇಕು. ಆ ಹುಡುಗರಿಗೇ ಪಟ್ಟಿ ಒಪ್ಪಿಸು. ಅಷ್ಟು ದೊಡ್ಡ ಜವಾಬ್ದಾರಿ ಕೊಟ್ಟರೆ ಮಕ್ಕಳು ಬೆಳೆಯುತ್ತಾರೆ.

ಇಷ್ಟೆಲ್ಲ ಹೇಳಿದ್ದು ಒಂದು ವರ್ಷದ ಪ್ರಶ್ನೆಗೆ ಬರುವುದಕ್ಕೆ. ರೋಟರಿಯಲ್ಲಿ ನಮ್ಮೂರ ಅಧ್ಯಕ್ಷರಿಗೆ ಒಂದು ವರ್ಷ, ಜಿಲ್ಲಾ ಗವರ್ನರಿಗೆ ಒಂದು ವರ್ಷ, ಇಡೀ ಜಗತ್ತಿನ ಅಧ್ಯಕ್ಷರಿಗೂ ಒಂದೇ ವರ್ಷ. ಹಾಗಿದ್ದೂ ಪೋಲಿಯೊ ಕೆಲಸ ಹೇಗೆ ನಡೆಯಿತು ನೋಡು. 1979ರಲ್ಲಿ ಫಿಲಿಪ್ಪೀನ್ಸ್‌ನ ಮಕ್ಕಳಿಗೆ ಲಸಿಕೆ ಹಾಕಿಸಲು ಶುರುಮಾಡಿದರು. 1985ರಲ್ಲಿ ಪೋಲಿಯೊ ಪ್ಲಸ್ ಅಂತ ಇಡೀ ಜಗತ್ತಿಗೇ ಹರಡಿದರು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ನಿರ್ಮೂಲನಕ್ಕೆ ಹೊರಟಾಗ, 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಪೋಲಿಯೊ ತಗಲುತ್ತಿತ್ತು. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿ 13ರದ್ದು, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ಪ್ರಮಾಣಪತ್ರವೂ ಬಂತು. ಅಷ್ಟರಲ್ಲಿ ಎಷ್ಟು ಅಧ್ಯಕ್ಷರು ಬದಲಾದರು! ಒಬ್ಬರಾದರೂ "ಅದು ಹಿಂದಿನವರ ಯೋಜನೆ, ನನ್ನ ವರ್ಷಕ್ಕೆ ಬೇರೆ ಇರಲಿ" ಅಂದಿದ್ದರೆ ಏನಾಗುತ್ತಿತ್ತು?

ನಮ್ಮೂರಲ್ಲಿ ಪಲ್ಸ್ ಪೋಲಿಯೊ ಭಾನುವಾರಗಳು ನಿನಗೆ ನೆನಪಿರಬೇಕು, ನೀನಾಗ ಚಿಕ್ಕವಳು. ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆವು. ಎರಡು ಹನಿ ಹಾಕಿಸಿ ಮಗುವಿನ ಕಿರುಬೆರಳಿಗೆ ಗುರುತು ಹಚ್ಚುವುದು, ಬಿಟ್ಟುಹೋದ ಮನೆಗಳಿಗೆ ಸೋಮವಾರ ಮಂಗಳವಾರ ಹುಡುಕಿಕೊಂಡು ಹೋಗುವುದು. ಲಸಿಕೆ ಸರ್ಕಾರದ್ದು, ದುಡಿಮೆ ಆರೋಗ್ಯ ಇಲಾಖೆಯವರದ್ದು. ಅಂಗನವಾಡಿ ಹೆಣ್ಣುಮಕ್ಕಳಿಗೆ ತಿಂಡಿ, ಗಾಡಿ, ಹೆಗಲು ಕೊಡುವುದು ನಮ್ಮದು. ಯಾರ ಹೆಸರೂ ಎಲ್ಲೂ ಕೆತ್ತಿಲ್ಲ. ಆದರೆ ಈಗಿನ ತಲೆಮಾರಿನ ಮಕ್ಕಳು ಪೋಲಿಯೊ ಕ್ಯಾಲಿಪರ್ ಅಂದರೇನು ಅಂತ ಕೇಳುತ್ತಾರೆ. ಅದನ್ನು ಕೇಳಿದಾಗ ಆಗುವ ಸಂತೋಷಕ್ಕೆ ಎಣೆಯಿಲ್ಲ.

ಇನ್ನೊಂದು ಮಾತು. ನೀನು ಆ ಕುರ್ಚಿಯಲ್ಲಿ ಕೂರುವುದಕ್ಕೂ ಹಿಂದಿನವರ ದುಡಿಮೆ ಇದೆ. ರೋಟರಿ ಹೆಂಗಸರಿಗೆ ಬಾಗಿಲು ತೆರೆದದ್ದು 1989ರಲ್ಲಿ. ಅದಕ್ಕೆ ಮುಂಚೆ ಕ್ಯಾಲಿಫೋರ್ನಿಯದ ಡುವಾರ್ಟೆ ಅನ್ನುವ ಚಿಕ್ಕ ಊರಿನ ಕ್ಲಬ್ಬು ಹೆಂಗಸರನ್ನು ಸೇರಿಸಿಕೊಂಡು, ಅದಕ್ಕಾಗಿ ಮಾನ್ಯತೆಯನ್ನೇ ಕಳೆದುಕೊಂಡು, ಕೋರ್ಟು ಹತ್ತಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಜಗತ್ತಿನ ಅಧ್ಯಕ್ಷ ಸ್ಥಾನಕ್ಕೆ ಮೊದಲ ಮಹಿಳೆ ಜೆನಿಫರ್ ಜೋನ್ಸ್ ಬಂದದ್ದು 2022ರಲ್ಲಿ. ಅಲ್ಲಿಯವರೆಗೆ ನಮ್ಮೂರ ಶಿಬಿರಗಳಲ್ಲಿ ಹೆಂಗಸರು ದುಡಿಯಲಿಲ್ಲವೇ? ರೋಟರಿಯವರ ಮನೆಯ ಹೆಂಗಸರ ಸಂಘವಾದ ಇನ್ನರ್ ವ್ಹೀಲಿನವರಾಗಿ, ನರ್ಸುಗಳಾಗಿ, ಟೀಚರುಗಳಾಗಿ ಮುಂದೆ ನಿಂತವರೇ ಅವರು. ಈಗ ನಿರ್ಧಾರವೂ ಅವರ ಕೈಗೆ ಬಂದಿದೆ, ಬರಬೇಕಾದ್ದೇ.

"ಹಾಗಾದ್ರೆ ಮೊದಲ ವಾರ ಏನು ಮಾಡಲಿ, ಹೇಳಿ."

ಮೊದಲು ಈಗಿನ ಅಧ್ಯಕ್ಷರ ಮನೆಗೆ ಹೋಗು. ಕಾಫಿ ಕುಡಿದು, ಏನೇನು ಅರ್ಧಕ್ಕೆ ನಿಂತಿದೆ ಅಂತ ಬಿಚ್ಚುಮನಸ್ಸಿನಿಂದ ಕೇಳು. ಹೋದ ಮಳೆಗಾಲದಲ್ಲಿ ಕೆರೆ ಏರಿಯ ಮೇಲೆ ನೆಟ್ಟ ಹೊಂಗೆ ಸಸಿಗಳಲ್ಲಿ ಬದುಕಿರುವುದು ಯಾವುವು, ಬೇಸಿಗೆಯಲ್ಲಿ ನೀರು ಹಾಕಿದವರು ಯಾರು, ಸರ್ಕಾರಿ ಶಾಲೆಗೆ ಕೊಟ್ಟ ನೀರಿನ ಫಿಲ್ಟರಿನ ಕ್ಯಾಂಡಲ್ ಬದಲಾಯಿಸಿದ್ದಾರಾ, ಹೊಲಿಗೆ ಯಂತ್ರ ತಗೊಂಡ ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತಿದೆಯಾ. ಅವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೋ. ಹೊಸ ಕೆಲಸ ಒಂದೇ ಒಂದು ಇರಲಿ, ಅದನ್ನು ಊರಿನವರನ್ನು ಕೇಳಿ ಆರಿಸು. ಪ್ರತಿ ತಿಂಗಳ ಖರ್ಚನ್ನು ಸಭೆಯಲ್ಲಿ ಓದಿಸು. ನೆರವು ತಗೊಳ್ಳುವವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಬೇಡ, ಅವರಿಗೂ ಮಾನ ಇದೆ, ಮನೆಗೇ ತಲುಪಿಸು. ನಿನ್ನ ನಂತರ ಬರುವವರು ಯಾರು ಅಂತ ವರ್ಷದ ಅರ್ಧದಲ್ಲೇ ಗೊತ್ತಾಗಿರುತ್ತದೆ. ಅವತ್ತಿನಿಂದಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೋ, ಆಸ್ಪತ್ರೆಗೆ, ತಹಶೀಲ್ದಾರರ ಕಚೇರಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗು.

"ಎಲ್ಲ ಮಾಡಿದ್ರೂ ಜೂನ್ ಮೂವತ್ತಕ್ಕೆ ತೋರಿಸೋಕೆ ನಂದು ಅಂತ ದೊಡ್ಡದೇನೂ ಇರಲ್ವಲ್ಲ ಮೇಷ್ಟ್ರೇ?"

ಜೂನ್ ಮೂವತ್ತಕ್ಕೆ ಯಾರ ವರ್ಷದ ಬೆಲೆಯೂ ಗೊತ್ತಾಗುವುದಿಲ್ಲಮ್ಮ. ಮುಂದಿನ ವರ್ಷದ ಏಪ್ರಿಲ್‌ನಲ್ಲಿ ನಿನ್ನ ಪಟ್ಟಿ ನೋಡಿ ಯಾರೋ ರಕ್ತ ಕೊಟ್ಟು ಒಬ್ಬ ಬಾಣಂತಿ ಉಳಿದರೆ, ನೀನು ಒಪ್ಪಿಸಿದ ಪುಸ್ತಕದಲ್ಲಿ ಹೊಸ ಅಧ್ಯಕ್ಷರು ಮುಂದಿನ ಪುಟ ಬರೆದಿದ್ದರೆ, ನಿನ್ನ ವರ್ಷ ಚೆನ್ನಾಗಿತ್ತು ಅಂತ ಲೆಕ್ಕ.