ಖಾಯಂ ಕಾರ್ಯದರ್ಶಿ

ಶಿಕಾರಿಪುರ ತಾಲ್ಲೂಕಿನ ತೊಗರ್ಸಿ ಕಡೆಯ ಊರುಗಳಲ್ಲಾಗಲಿ, ಪಕ್ಕದ ಸೊರಬ ತಾಲ್ಲೂಕಿನಲ್ಲಾಗಲಿ, ಕಾರ್ಯದರ್ಶಿಗಳಲ್ಲಿ ಎರಡು ಬಗೆ: ಸಂಬಳ ಇರುವವರು, ಸಂಬಳ ಇಲ್ಲದವರು. ಹಾಲಿನ ಡೈರಿಯ ಸೆಕ್ರೆಟ್ರಿ ಮೊದಲ ಬಗೆಗೆ ಸೇರಿದವರು. ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು, ಹಾಲು ಅಳೆದು, ಫ್ಯಾಟ್ ನೋಡಿ, ಫ್ಯಾಟ್ ಕಡಿಮೆ ಬಂದವರಿಂದ ಬೈಸಿಕೊಳ್ಳುವುದು ಇವರ ಕೆಲಸ. ಬೈಗುಳವೂ ಸಂಬಳದಲ್ಲೇ ಸೇರಿದೆ. ಎರಡನೆಯ ಬಗೆಯವರು ಗಣಪತಿ ಸಮಿತಿ, ಜಾತ್ರಾ ಸಮಿತಿ, ಯುವಕ ಸಂಘ, ಭಜನಾ ಮಂಡಳಿ, ನಾಟಕ ಸಂಘ, ಹೋರಿ ಹಬ್ಬದ ಸಮಿತಿ, ಹಳೆಯ ವಿದ್ಯಾರ್ಥಿಗಳ ಸಂಘ ಇವುಗಳ ಕಾರ್ಯದರ್ಶಿಗಳು. ಸಂಘಗಳು ಏಳಾದರೂ ಸಾಮಾನ್ಯವಾಗಿ ಕಾರ್ಯದರ್ಶಿ ಒಬ್ಬರೇ. ಇವರಿಗೆ ಬೈಗುಳ ಮಾತ್ರ ಇದೆ. ಇಲ್ಲಿ ವಿವರಿಸುತ್ತಿರುವುದು ಇವರನ್ನೇ.

ಈ ಸೀಮೆಗೆ ಇವರು ಹೊಸಬರಲ್ಲ. ಇಲ್ಲಿನ ಬಳ್ಳಿಗಾವಿಯು ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ರಾಜಧಾನಿಯಾಗಿದ್ದ ಕಾಲದಲ್ಲಿ ಯಾವ ದೇವರಿಗೆ ಯಾರು ಎಷ್ಟು ಗದ್ದೆ ಬಿಟ್ಟರು, ಯಾವ ವರ್ತಕರ ಕೂಟ ಏನು ಕೊಟ್ಟಿತು ಎಂಬುದನ್ನೆಲ್ಲ ಕಲ್ಲಿಗೆ ಬರೆಸಿ ನಿಲ್ಲಿಸುತ್ತಿದ್ದರು. ಬಿ.ಎಲ್. ರೈಸ್ ಅವರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲೂ ಸೊರಬದ ಶಾಸನಗಳನ್ನು 1904ರಲ್ಲೂ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದರು. ವಿದ್ವಾಂಸರು ಅವುಗಳಲ್ಲಿ ರಾಜವಂಶಗಳನ್ನು ಹುಡುಕುತ್ತಾರೆ. ಕಾರ್ಯದರ್ಶಿಯ ಕಣ್ಣಿಗೆ ಅವು ಒಳ್ಳೆಯ ದೇಣಿಗೆ ಪಟ್ಟಿಗಳು. ಕೊಟ್ಟದ್ದನ್ನು ಕಸಿದುಕೊಂಡವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟಲಿ ಎಂಬ ಶಾಪವನ್ನು ಅಂದಿನವರು ಕೊನೆಯಲ್ಲಿ ಸೇರಿಸುತ್ತಿದ್ದರು. ಇಂದಿನ ಕಾರ್ಯದರ್ಶಿಗೆ ಶಾಪ ಹಾಕುವ ಅಧಿಕಾರ ಇಲ್ಲ. ಆದರೆ ಬಾಕಿದಾರರ ಹೆಸರನ್ನು ಮೈಕಿನಲ್ಲಿ ತಂದೆಯ ಹೆಸರಿನ ಸಮೇತ ಎರಡು ಸಲ ಓದುವ ಅಧಿಕಾರ ಇದೆ. ವಸೂಲಿಯ ಮಟ್ಟಿಗೆ ಇದು ಶಾಪಕ್ಕಿಂತ ಬೇಗ ಫಲ ಕೊಡುತ್ತದೆ.

ಪರದೇಶದಲ್ಲೂ ಇಂಥ ಸಂಘಗಳಿವೆ. ಹಂಗೇರಿಯಿಂದ ಅಮೆರಿಕಕ್ಕೆ ಗುಳೆ ಹೋದ 13 ಗಣಿ ಕಾರ್ಮಿಕರು 1886ರಲ್ಲಿ ಪೆನ್ಸಿಲ್ವೇನಿಯಾದ ಹೇಜಲ್‌ಟನ್‌ನಲ್ಲಿ ವೆರ್ಹೊವಾಯ್ ಹೆಸರಿನ ನೆರವಿನ ಸಂಘ ಕಟ್ಟಿದರು. ಕಾಯಿಲೆ ಬಿದ್ದವರಿಗೆ, ಸತ್ತವರ ಮನೆಯವರಿಗೆ ಒಂದಿಷ್ಟು ಆಸರೆ ಸಿಗಲಿ ಎಂಬುದು ಅದರ ಉದ್ದೇಶ. 1955ರಲ್ಲಿ ಅದು ರಾಕೊಟ್ಸಿ ಎಂಬ ಇನ್ನೊಂದು ಸಂಘದ ಜೊತೆ ಸೇರಿ ವಿಲಿಯಂ ಪೆನ್ ಎಂಬ ಹೆಸರು ಪಡೆಯಿತು. ಸಾವು ನೋವಿನ ಲೆಕ್ಕಕ್ಕೆ ಹುಟ್ಟಿದ ಸಂಘವಾದರೂ ಅದರ ಶಾಖೆಗಳ ಸುದ್ದಿಯಲ್ಲಿ ಪಿಕ್‌ನಿಕ್, ಔತಣ, ಗಾಲ್ಫ್ ಪಂದ್ಯ, ಮಕ್ಕಳ ವಿದ್ಯಾರ್ಥಿವೇತನಗಳೇ ತುಂಬಿಕೊಂಡವು. ಇತ್ತ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಮೇಲೆ ಕನ್ನಡ ನಾಡಿನ ಹಳ್ಳಿಗಳಲ್ಲೂ ಸಂಘಗಳು ಬೆಳೆದವು. ಸಂಘ ಸಾಲಕ್ಕಿರಲಿ, ಸಾವಿಗಿರಲಿ, ಸಂಸ್ಕೃತಿಗಿರಲಿ, ಸಭೆ ಮುಗಿದ ಮೇಲೆ ಜನರ ಬಾಯಲ್ಲಿ ಉಳಿಯುವುದು ಊಟದ ಮಾತು. ಪಲಾವು ಸಾಲದೆ ಬಂದ ವರ್ಷವನ್ನು ಊರು ಮರೆಯುವುದಿಲ್ಲ. ಆ ವರ್ಷದ ಅಧ್ಯಕ್ಷರು ಯಾರಾಗಿದ್ದರೆಂಬುದನ್ನು ಮರೆತಿರುತ್ತದೆ.

ಖಾಯಂ ಕಾರ್ಯದರ್ಶಿಯನ್ನು ಗುರುತಿಸುವುದು ಸುಲಭ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಒಂದು ತಾವು ಬರೆಯಲು, ಇನ್ನೊಂದು ಸಹಿ ಮಾಡಲು ಪೆನ್ನಿಲ್ಲ ಎನ್ನುವವರ ಬಾಯಿ ಮುಚ್ಚಿಸಲು. ಟಿವಿಎಸ್ ಎಕ್ಸೆಲ್ ಗಾಡಿಗೆ ನೇತುಹಾಕಿದ ಚೀಲದಲ್ಲಿ ರಸೀದಿ ಪುಸ್ತಕ, ನಡಾವಳಿ ಪುಸ್ತಕ, ಲೆಟರ್‌ಹೆಡ್, ಸೀಲು, ಇಂಕ್ ಪ್ಯಾಡ್. ಏಳು ಸಂಘಗಳಿಗೆ ಏಳು ಸೀಲುಗಳಿರುವುದರಿಂದ ಭಜನಾ ಮಂಡಳಿಯ ರಸೀದಿಯ ಮೇಲೆ ಹೋರಿ ಹಬ್ಬದ ಸೀಲು ಬೀಳುವುದುಂಟು. ಇದರಿಂದ ಯಾರ ದುಡ್ಡಿಗೂ ತೊಂದರೆಯಾಗುವುದಿಲ್ಲ. ಎಲ್ಲ ಸಂಘಗಳ ದುಡ್ಡೂ ಕೊನೆಗೆ ಅದೇ ಶಾಮಿಯಾನದವರಿಗೆ, ಅದೇ ಮೈಕ್ ಸೆಟ್ಟಿನವರಿಗೆ ಹೋಗುತ್ತದೆ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಒಂದು ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು. ಆರು ಮಂದಿ ಬೇಗ ಸಿಗುತ್ತಾರೆ: ಕಾರ್ಯದರ್ಶಿ, ಅವರ ತಮ್ಮ, ಭಾವಮೈದುನ, ಇಬ್ಬರು ಗೆಳೆಯರು, ಅಧ್ಯಕ್ಷರಾಗಲು ಒಪ್ಪಿದ ಒಬ್ಬ ಅನುಕೂಲಸ್ಥರು. ಏಳನೆಯವರಿಗಾಗಿ ತಿಂಗಳುಗಟ್ಟಲೆ ಹುಡುಕಾಟ ನಡೆಯುತ್ತದೆ. ಸಿಕ್ಕವರನ್ನು ಖಜಾಂಚಿ ಮಾಡಲಾಗುತ್ತದೆ. ಖಜಾಂಚಿಯ ಹತ್ತಿರ ದುಡ್ಡು ಇರಬೇಕೆಂಬುದು ನಿಜ, ಆದರೆ ಅದು ಸಂಘದ್ದಾಗಿರಬೇಕೆಂದಿಲ್ಲ. ಕಡಿಮೆ ಬಿದ್ದಾಗ ಕೈಯಿಂದ ಹಾಕುವವರು ಅವರೇ.

ಇವರ ವರ್ಷ ವಂತಿಗೆ ಎತ್ತುವುದರಿಂದ ಶುರುವಾಗುತ್ತದೆ. ತೊಗರ್ಸಿಯ ಮಲ್ಲಿಕಾರ್ಜುನ ಸ್ವಾಮಿಯ ತೇರಿಗೆ ಯಾರೂ ಇಲ್ಲವೆನ್ನುವುದಿಲ್ಲ, ದೇವರ ಹೆಸರೇ ಅರ್ಧ ವಸೂಲಿ ಮಾಡುತ್ತದೆ. ಗಣಪತಿಗೆ ಸ್ವಲ್ಪ ಚೌಕಾಸಿ ನಡೆಯುತ್ತದೆ. ನಾಟಕಕ್ಕೆ ಕೇಳಲು ಹೋದಾಗ ಮಾತ್ರ ಊರಿನ ಬೆಳೆಗಳೆಲ್ಲ ಒಟ್ಟಿಗೆ ಕೈಕೊಟ್ಟಿರುತ್ತವೆ.

“ಮೆಕ್ಕೆಜೋಳ ಇನ್ನೂ ಕಣದಾಗೆ ಐತಿ, ಮಾರಿದ ಮ್ಯಾಲೆ ಬಾರಣ್ಣ.”

“ಶುಂಠಿ ರೇಟ್ ಬಿದ್ದು ಹೋತು ನೋಡಪ್ಪ, ಈ ಸಲ ಬಿಟ್ಟುಬಿಡು.”

“ಅಡಿಕೆಗೆ ಕೊಳೆ ಬಂದೈತಿ ಅಂತ ನಿಂಗೂ ಗೊತ್ತೈತಲ್ಲ?”

ಗೊತ್ತಿರುತ್ತದೆ. ಯಾರ ಮನೆಯಲ್ಲಿ ಎಷ್ಟು ಚೀಲ ಜೋಳವಾಯಿತು, ಯಾವ ದಿನ ಲಾರಿಗೆ ತುಂಬಿತು, ಶಿರಾಳಕೊಪ್ಪದಲ್ಲಿ ಎಷ್ಟಕ್ಕೆ ಹೋಯಿತು ಎಂಬುದೆಲ್ಲ ಕಾರ್ಯದರ್ಶಿಗೆ ಬಾಯಿಪಾಠ. ಲಾರಿ ಹೋದ ಮರುದಿನ ಬೆಳಗ್ಗೆ, ಮನೆಯವರು ಚಹಾ ಕುಡಿಯುವ ಹೊತ್ತಿಗೆ, ಎಕ್ಸೆಲ್ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಹಿಂದಿನ ವರ್ಷ ಕೊಟ್ಟದ್ದಕ್ಕಿಂತ ನೂರು ರೂಪಾಯಿ ಹೆಚ್ಚು ಬರೆದ ರಸೀದಿಯನ್ನು ಮೊದಲೇ ಹರಿದಿಟ್ಟುಕೊಂಡಿರುವುದು ಇವರ ವಿಶೇಷ ಪದ್ಧತಿ. ಬರೆದದ್ದನ್ನು ಹೊಡೆದುಹಾಕಿದರೆ ಆಡಿಟ್‌ಗೆ ತೊಂದರೆ ಎಂದು ಇವರು ಹೇಳುತ್ತಾರೆ. ಗಣಪತಿ ಸಮಿತಿಗೆ ಆಡಿಟ್ ಇಲ್ಲವೆಂಬುದು ಮನೆಯವರಿಗೆ ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ.

ಕಾರ್ಯದರ್ಶಿಯ ನಿಜವಾದ ಪರೀಕ್ಷೆ ಹೋರಿ ಹಬ್ಬ. ಶಿಕಾರಿಪುರ, ಸೊರಬ ಹಾಗೂ ಪಕ್ಕದ ಹಾವೇರಿ ಜಿಲ್ಲೆಯಲ್ಲಿ ದೀಪಾವಳಿಯಿಂದ ಹಿಡಿದು ತಿಂಗಳುಗಟ್ಟಲೆ ಊರುಗಳು ಸರದಿಯ ಮೇಲೆ ಈ ಹಬ್ಬ ಮಾಡುತ್ತವೆ. ಮೈಮೇಲೆ ಜೂಲು, ಕಾಲಿಗೆ ಗೆಜ್ಜೆ, ಕೊರಳಿಗೆ ಕೊಬ್ಬರಿ ಹಾರ, ನೆತ್ತಿಯ ಮೇಲೆ ಬಲೂನು ಕಟ್ಟಿದ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ. ಎರಡೂ ಕಡೆ ಕಿಕ್ಕಿರಿದ ಹುಡುಗರು ಕೊಬ್ಬರಿ ಹರಿಯಲು ನುಗ್ಗುತ್ತಾರೆ. ಯಾರ ಕೈಗೂ ಸಿಗದೆ ಓಡಿದ ಹೋರಿಗೆ ಬಹುಮಾನ. ಒಂದೊಂದು ಹೋರಿಗೂ ಒಂದು ಹೆಸರು, ಒಂದು ಅಭಿಮಾನಿ ಬಳಗ, ಬಳಗಕ್ಕೊಂದು ಬಣ್ಣದ ಟೀ ಶರ್ಟು. ಹೆಸರು ಮಾಡಿದ ಹೋರಿ ಸತ್ತರೆ ಮೆರವಣಿಗೆ, ಶ್ರದ್ಧಾಂಜಲಿಯ ಫ್ಲೆಕ್ಸು ಎಲ್ಲ ಉಂಟು. ಜೀವಂತವಿರುವ ಎಷ್ಟೋ ಅಧ್ಯಕ್ಷರಿಗೆ ಇಷ್ಟು ಬಳಗ ಇಲ್ಲ.

ಇದೆಲ್ಲ ನಡೆಯಬೇಕಾದರೆ ಅರ್ಜಿಗಳು ಬೇಕು. ತಹಶೀಲ್ದಾರರಿಗೆ ಒಂದು, ಪೊಲೀಸ್ ಠಾಣೆಗೆ ಒಂದು, ಪಶುವೈದ್ಯರಿಗೆ ಒಂದು, ಆಂಬುಲೆನ್ಸಿಗೆ ಒಂದು, ಮೆಸ್ಕಾಂಗೆ ಒಂದು. ಹುಡುಗರು ಹೋರಿ ಹಿಡಿಯಲು ಅಭ್ಯಾಸ ಮಾಡುವ ದಿನಗಳಲ್ಲಿ ಕಾರ್ಯದರ್ಶಿ ಸಾಹೇಬರನ್ನು ಹಿಡಿಯಲು ಶಿಕಾರಿಪುರಕ್ಕೆ ಓಡಾಡುತ್ತಿರುತ್ತಾರೆ. ಎರಡರಲ್ಲಿ ಕಷ್ಟದ್ದು ಯಾವುದೆಂದು ಬಲ್ಲವರು ಕಡಿಮೆ. ಹಬ್ಬದ ದಿನ ಮೈಕ್ ಇವರ ಕೈಯಲ್ಲಿ. ಬಂದ ಹೋರಿಯ ಹೆಸರು, ಊರು, ಮಾಲೀಕರ ಹೆಸರು, ಮಾಲೀಕರ ಅಣ್ಣನ ಹೆಸರು, ಬಹುಮಾನದ ಬೈಕು ಕೊಟ್ಟವರು, ಬಂಗಾರದ ಉಂಗುರ ಕೊಟ್ಟವರು, ಕುಡಿಯುವ ನೀರಿನ ಟ್ಯಾಂಕರ್ ಕೊಟ್ಟವರು ಎಲ್ಲರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಷ್ಟರಲ್ಲಿ ಹೋರಿ ಅಖಾಡ ದಾಟಿ ಊರಾಚೆಯ ಗದ್ದೆ ಸೇರಿರುತ್ತದೆ.

ಆಹ್ವಾನ ಪತ್ರಿಕೆ ಬರೆಯುವುದು ಇದಕ್ಕಿಂತ ನಾಜೂಕಿನ ಕೆಲಸ. ಸೊರಬದ ಎಸ್. ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಯಾದರು. ಶಿಕಾರಿಪುರ ಪುರಸಭೆಯ ಸದಸ್ಯರಾಗಿ ರಾಜಕೀಯ ಶುರು ಮಾಡಿದ ಬಿ.ಎಸ್. ಯಡಿಯೂರಪ್ಪನವರು ನಾಲ್ಕು ಸಲ ಆ ಹುದ್ದೆಗೆ ಏರಿದರು. ಅಕ್ಕಪಕ್ಕದ ಎರಡು ತಾಲ್ಲೂಕುಗಳಿಂದ ವಿಧಾನಸೌಧದ ಮೆಟ್ಟಿಲು ಇಷ್ಟು ಹತ್ತಿರವಾಗಿ ಕಂಡಿರುವುದರಿಂದ ಇಲ್ಲಿ ಯಾವ ಹೆಸರನ್ನೂ ಸಣ್ಣದೆಂದು ಕೆಳಗೆ ಹಾಕುವಂತಿಲ್ಲ. ಪಂಚಾಯ್ತಿ ಸದಸ್ಯರು ನಾಳೆ ಏನಾಗುತ್ತಾರೋ ಹೇಳಲು ಬರುವುದಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ ಎಂದು ಸಾಲುಗಳು ಹೆಚ್ಚುತ್ತಾ ಹೋಗುತ್ತವೆ. ಕಾರ್ಯಕ್ರಮದ ದಿನಾಂಕಕ್ಕೆ ಜಾಗ ಸಿಗದೆ ಅದು ಮಡಿಕೆಯ ಮೇಲೆ ಬೀಳುತ್ತದೆ. ಎಲ್ಲಕ್ಕಿಂತ ಕೆಳಗೆ ‘ಇಂತಿ ತಮ್ಮ ವಿಶ್ವಾಸಿಗಳು’ ಎಂಬುದರಡಿ ಕಾರ್ಯದರ್ಶಿಯ ಹೆಸರು ಮೊಬೈಲ್ ನಂಬರಿನ ಸಮೇತ ದಪ್ಪ ಅಕ್ಷರದಲ್ಲಿರುತ್ತದೆ. ಶಾಸನ ಬರೆದ ಸೇನಬೋವರೂ ತಮ್ಮ ಹೆಸರನ್ನು ಕೊನೆಯಲ್ಲೇ ಹಾಕಿಕೊಳ್ಳುತ್ತಿದ್ದರು, ಆದ್ದರಿಂದ ಇದಕ್ಕೆ ಪರಂಪರೆಯ ಬೆಂಬಲ ಇದೆ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧ ಬಂದಿದ್ದರೂ ಬಸ್ ಸ್ಟ್ಯಾಂಡಿನ ಹತ್ತಿರ ಅದೇ ಹೆಸರುಗಳು ಫೋಟೋ ಸಮೇತ ನಿಲ್ಲುತ್ತವೆ. ಫೋಟೋ ಬಿಟ್ಟುಹೋದವರ ಮುನಿಸು ಮುಂದಿನ ಗಣಪತಿಯವರೆಗೆ ಇರುತ್ತದೆ.

ಕಾರ್ಯಕ್ರಮ ಸಂಜೆ ಆರಕ್ಕೆ ಎಂದಿದ್ದರೆ ಎಂಟೂವರೆಗೆ ಶುರುವಾಗುತ್ತದೆ. ಸ್ವಾಗತ, ನಿರೂಪಣೆ, ವರದಿ ವಾಚನ, ವಂದನಾರ್ಪಣೆ ನಾಲ್ಕನ್ನೂ ಕಾರ್ಯದರ್ಶಿಯೇ ಮಾಡುತ್ತಾರೆ. ಬೇರೆಯವರಿಗೆ ಅವಕಾಶ ಕೊಡುತ್ತಿಲ್ಲ ಎಂಬ ದೂರಿದೆ. ಅವಕಾಶ ಸಿಕ್ಕವರು ಆ ಸಂಜೆ ಬೇರೆ ಊರಿನ ಮದುವೆಗೆ ಹೋಗಿರುತ್ತಾರೆ ಎಂಬುದೂ ದಾಖಲೆಯಲ್ಲಿದೆ. ಸನ್ಮಾನದ ಶಾಲುಗಳನ್ನು ಎಷ್ಟು ಲೆಕ್ಕ ಹಾಕಿ ತಂದರೂ ವೇದಿಕೆಯ ಮೇಲೆ ಒಬ್ಬರು ಹೆಚ್ಚೇ ಕೂತಿರುತ್ತಾರೆ. ಆಗ ಮೊದಲು ಹೊದಿಸಿದ ಶಾಲೊಂದು ಅಧ್ಯಕ್ಷರ ಹೆಗಲಿನಿಂದ ಸದ್ದಿಲ್ಲದೆ ಇಳಿದು ಮತ್ತೆ ತಟ್ಟೆ ಸೇರುತ್ತದೆ.

ಮರುದಿನ ಪತ್ರಿಕೆಗೆ ಹೋಗುವ ಸುದ್ದಿಯನ್ನು ಹಿಂದಿನ ದಿನವೇ ಬರೆದಿಡುವುದು ರೂಢಿ. ‘ವಿಜೃಂಭಣೆಯಿಂದ ನೆರವೇರಿತು’, ‘ಜನಸಾಗರ’, ‘ಯಶಸ್ವಿಯಾಗಿ ಜರುಗಿತು’ ಎಂಬ ಮಾತುಗಳು ಸಿದ್ಧವಾಗಿರುತ್ತವೆ, ಹೆಸರು ತುಂಬುವುದೊಂದೇ ಬಾಕಿ. ಮಳೆ ಬಂದು ಜನ ಚದುರಿ ಹೋಗಿದ್ದರೆ ‘ಮಳೆಯನ್ನೂ ಲೆಕ್ಕಿಸದೆ’ ಎಂಬುದು ಸೇರುತ್ತದೆ. ಬಾರದ ಅತಿಥಿಗಳ ಭಾಷಣದ ಸಾರಾಂಶ ಅಚ್ಚಾಗಿ, ಅದನ್ನು ಓದಿದ ಅತಿಥಿಗಳು ಫೋನ್ ಮಾಡಿ ವಂದನೆ ಹೇಳುವುದೂ ಉಂಟು.

ವಾರ್ಷಿಕ ಮಹಾಸಭೆಯಲ್ಲಿ ಕೋರಂ ಆಗುವುದಿಲ್ಲ. ಅರ್ಧ ಗಂಟೆ ಮುಂದೂಡಿ ಅದೇ ಜಾಗದಲ್ಲಿ ಅದೇ ಒಂಬತ್ತು ಮಂದಿಯನ್ನಿಟ್ಟುಕೊಂಡು ಸಭೆ ನಡೆಯುತ್ತದೆ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದಾಗ ಸಂಖ್ಯೆ ಮೂವತ್ತಕ್ಕೆ ಏರುತ್ತದೆ. ನಡಾವಳಿ ಪುಸ್ತಕಕ್ಕೆ ಸಹಿ ಹಾಕಿಸುವುದು ಆ ಹೊತ್ತಿನಲ್ಲೇ ಆದ್ದರಿಂದ ಕೆಲವು ಠರಾವುಗಳ ಮೇಲೆ ಎಣ್ಣೆಯ ಕಲೆ ಇರುತ್ತದೆ. ಲೆಕ್ಕ ಓದಿದಾಗ ಇಡೀ ವರ್ಷ ವಂತಿಗೆ ಕೊಡದವರೊಬ್ಬರು ಎದ್ದು ನಿಂತು ಹೂವಿನ ಖರ್ಚು ಹೆಚ್ಚಾಯಿತೆಂದು ಆಕ್ಷೇಪಿಸುತ್ತಾರೆ. ಕಾರ್ಯದರ್ಶಿಗೆ ಸಿಟ್ಟು ಬಂದು ಸೀಲು, ರಸೀದಿ ಪುಸ್ತಕ ತೆಗೆದು ಮೇಜಿನ ಮೇಲೆ ಇಡುತ್ತಾರೆ.

“ಸಾಕಾತು. ಇನ್ನು ಯಾರಾದ್ರೂ ನೋಡಿಕೊಳ್ರಪ್ಪ.”

ಸಭೆ ಗಪ್‌ಚಿಪ್ಪಾಗುತ್ತದೆ. ಆಕ್ಷೇಪ ಎತ್ತಿದವರೇ ಮೊದಲು ಬಾಯಿ ಬಿಡುತ್ತಾರೆ: “ಏ, ಹಂಗಂದ್ರೆ ಹೆಂಗಣ್ಣ? ನೀನೇ ಮಾಡಬೇಕು. ನಾವೆಲ್ಲ ಇರ್ತೀವಲ್ಲ.” ಚಪ್ಪಾಳೆ ಬೀಳುತ್ತದೆ. ಅವಿರೋಧ ಆಯ್ಕೆ ಎಂದು ಕಾರ್ಯದರ್ಶಿಯೇ ಬರೆದುಕೊಳ್ಳುತ್ತಾರೆ. ‘ನಾವೆಲ್ಲ ಇರ್ತೀವಿ’ ಎಂದವರು ಮುಂದೆ ಕಾಣಿಸುವುದು ಪ್ರಸಾದದ ಸಾಲಿನಲ್ಲಿ.

ಮನೆಯಲ್ಲಿ ಇವರಿಗೆ ಇಷ್ಟು ಬಹುಮತ ಇಲ್ಲ. ಸ್ವಂತ ಗದ್ದೆಗೆ ನೀರು ಕಟ್ಟುವುದು ಮರೆತು ಊರಿನ ತೇರಿಗೆ ಹಗ್ಗ ಹುಡುಕಲು ಹೋದವರೆಂದು ಮನೆಯವರು ನೆಂಟರ ಮುಂದೆ ಹೇಳುತ್ತಾರೆ. ಮಗನ ಶಾಲೆಯ ಫೀಸಿನ ಕೊನೆಯ ದಿನ ಮರೆತುಹೋಗುತ್ತದೆ, ಹಳೆಯ ವಿದ್ಯಾರ್ಥಿಗಳ ಸಂಘದ ವಾರ್ಷಿಕೋತ್ಸವ ಮರೆಯುವುದಿಲ್ಲ. ಸಂಘದ ದುಡ್ಡಿನಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸಿಕೊಳ್ಳುತ್ತಾರೆಂದು ಊರು ಹೇಳುತ್ತದೆ. ಗಾಡಿಯ ಪೆಟ್ರೋಲಿಗೆ ಹೆಂಡತಿ ಡೈರಿಗೆ ಹಾಕುವ ಹಾಲಿನ ಬಟವಾಡೆ ಕರಗುವುದು ಮನೆಗೆ ಮಾತ್ರ ಗೊತ್ತು.

ಊರಿನಲ್ಲಿ ಯಾರಿಗಾದರೂ ಅಪಘಾತವಾಗಿ ಶಿವಮೊಗ್ಗಕ್ಕೆ ಸಾಗಿಸಬೇಕಾದಾಗ, ಬಡವರ ಮನೆಯಲ್ಲಿ ಸಾವಾಗಿ ಕಟ್ಟಿಗೆಗೆ ದುಡ್ಡಿಲ್ಲದಾಗ, ಮೊದಲು ಫೋನ್ ಹೋಗುವುದು ಈ ಎಕ್ಸೆಲ್ ಗಾಡಿಯವರಿಗೆ. ಯಾರ ಹತ್ತಿರ ಕಾರಿದೆ, ಯಾರ ಕೈಯಲ್ಲಿ ಇವತ್ತು ದುಡ್ಡಿದೆ, ಯಾರು ಕೇಳಿದರೆ ಇಲ್ಲವೆನ್ನುವುದಿಲ್ಲ ಎಂಬ ಪಟ್ಟಿ ಇರುವುದು ಅವರೊಬ್ಬರ ತಲೆಯಲ್ಲಿ. ಅದಕ್ಕೆ ರಸೀದಿ ಹರಿಯುವುದಿಲ್ಲ, ಪತ್ರಿಕೆಗೆ ಸುದ್ದಿ ಹೋಗುವುದಿಲ್ಲ. ಹೇಜಲ್‌ಟನ್‌ನ ಗಣಿ ಕಾರ್ಮಿಕರು ಸಂಘ ಕಟ್ಟಿದ್ದು ಇಷ್ಟಕ್ಕೇ. ಇಲ್ಲಿ ಈ ಕೆಲಸ ಗಣಪತಿ ಸಮಿತಿಯ ಹೆಸರಿನಲ್ಲಿ, ಬೈಲಾ ಇಲ್ಲದೆ ನಡೆಯುತ್ತಿದೆ.

ಖಾಯಂ ಕಾರ್ಯದರ್ಶಿಯನ್ನು ಬದಲಾಯಿಸಬೇಕೆಂಬ ಮಾತು ಪ್ರತಿ ಊರಿನ ಅರಳಿಕಟ್ಟೆಯ ಮೇಲೂ ಇದೆ, ಅದು ತಪ್ಪೂ ಅಲ್ಲ. ಹಾಗೆಂದುಕೊಂಡವರು ಮುಂದಿನ ಮಹಾಸಭೆಗೆ ಮಂಡಕ್ಕಿಗಿಂತ ಮುಂಚೆ ಬಂದು ರಸೀದಿ ಪುಸ್ತಕ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ, ಬಾಗಿಲಿಗೆ ಎಕ್ಸೆಲ್ ಬಂದು ನಿಂತಾಗ ಶುಂಠಿ ರೇಟಿನ ಮಾತೆತ್ತದೆ ವಂತಿಗೆ ಕೊಟ್ಟು ಕಳಿಸುವುದು ಒಳ್ಳೆಯದು.